ಗುಳಿಗೆಯ ಭಯ ಹುಟ್ಟಿಸಬೇಡಿ

ಮೂವತ್ತರ ಆಸುಪಾಸಿನಲ್ಲೇ ಮುಟ್ಟು ನಿಲ್ಲಲು ಹುಡುಗಿಯರ ಓದು ಮತ್ತು ತಡವಾದ ಮದುವೆ ಕಾರಣ, ಹಾರ್ಮೋನ್ ಗುಳಿಗೆ ಅಪಾಯಕಾರಿ ಎಂದು ಲೇಖನವೊಂದು ಹೇಳಿದೆ. ಅದರ ಎರಡೂ ಮಾತು ತಪ್ಪು.

40ಕ್ಕೆ ಮೊದಲೇ ಅಂಡಾಶಯ ಸೋಲುವುದಕ್ಕೂ ಮದುವೆಯ ವಯಸ್ಸಿಗೂ ಸಂಬಂಧವಿಲ್ಲ. ಎಕ್ಸ್ ವರ್ಣತಂತುವಿನ ದೋಷ, ರೋಗನಿರೋಧಕ ಶಕ್ತಿಯೇ ಅಂಡಾಶಯದ ಮೇಲೆ ತಿರುಗಿಬೀಳುವುದು, ಕೀಮೋ, ವಿಕಿರಣ ಇವು ಗೊತ್ತಿರುವ ಕಾರಣಗಳು. ಬಹಳಷ್ಟು ಸಲ ಕಾರಣ ಸಿಗುವುದೇ ಇಲ್ಲ. ಧೂಮಪಾನದಿಂದ ಮುಟ್ಟು ಬೇಗ ನಿಲ್ಲುತ್ತದೆ. ಹಾಗಿರುವಾಗ ಚಿಕ್ಕೋಡಿ ಭಾಗದ ನಿಪ್ಪಾಣಿಯಲ್ಲಿ ತಂಬಾಕಿನ ಧೂಳಿನ ನಡುವೆ ಬೀಡಿ ಕಟ್ಟುವವರ ಆರೋಗ್ಯದ ಬಗ್ಗೆ ಲೇಖಕರು ಒಂದು ಸಾಲನ್ನಾದರೂ ಬರೆಯಬೇಕಿತ್ತು. ಇದೇ ಭಾಗದ ಅಥಣಿ, ರಾಯಬಾಗ, ಕಾಗವಾಡದ್ದು ಕಬ್ಬಿನ ಸೀಮೆ, ಹಾಗಾಗಿ ಇನ್ನೊಂದು ಎಚ್ಚರವೂ ಬೇಕು. ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಎಷ್ಟೋ ಯುವತಿಯರ ಗರ್ಭಕೋಶ ತೆಗೆದದ್ದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ಅಂಡಾಶಯ ಉಳಿಸಿ ಗರ್ಭಕೋಶವನ್ನಷ್ಟೇ ತೆಗೆದರೂ ಅಂಡಾಶಯ ಬೇಗ ಸೋಲುವ ಸಾಧ್ಯತೆ ಹೆಚ್ಚು.

ಗುಳಿಗೆಯ ಭಯ ಹಬ್ಬಿದ್ದು 2002ರ ಅಮೆರಿಕದ ಅಧ್ಯಯನದಿಂದ. ಅದರಲ್ಲಿದ್ದವರು 50ರಿಂದ 79 ವರ್ಷದವರು. ಇಪ್ಪತ್ತೆಂಟರಲ್ಲೇ ಮುಟ್ಟು ನಿಂತ ಸೊಸೆಗೆ ಅದನ್ನು ಅನ್ವಯಿಸುವುದು ಅನ್ಯಾಯ. ಈಸ್ಟ್ರೋಜನ್ ಇಲ್ಲದೆ ಅವಳ ಎಲುಬು ಸವೆಯುತ್ತದೆ, ಹೃದಯಕ್ಕೂ ಕುತ್ತು. ಸ್ತನ ಕ್ಯಾನ್ಸರ್‌ನಂಥ ಅಡ್ಡಿಯಿಲ್ಲದಿದ್ದರೆ ಸುಮಾರು 50ರವರೆಗೆ ಈಸ್ಟ್ರೋಜನ್ ಬೇಕು. ಗರ್ಭಕೋಶವಿದ್ದರೆ ಜೊತೆಗೆ ಪ್ರೊಜೆಸ್ಟರೋನ್. ಹೀಗೆ ಅಂಡಾಶಯ ಬೇಗ ಸೋತ ನೂರರಲ್ಲಿ ಸುಮಾರು ಐವರು ತಾವಾಗಿಯೇ ಬಸಿರಾಗುತ್ತಾರೆ. ಉಳಿದವರಿಗೆ ದಾನಿಯ ಅಂಡಾಣುವಿನ ದಾರಿಯಿದೆ.

ಚಿಕ್ಕೋಡಿಯ ಅತ್ತೆಯಂದಿರಿಗೂ ಇದನ್ನೇ ಹೇಳುತ್ತೇನೆ: ಬಸಿರಿಲ್ಲದೆ ನಾಲ್ಕು ತಿಂಗಳು ಸೊಸೆಗೆ ಮುಟ್ಟು ಬಾರದಿದ್ದರೆ ಬೈಯಬೇಡಿರಿ, ಅಂಡಾಶಯದ ಸ್ಥಿತಿ ತಿಳಿಸುವ ಎಫ್‌ಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿರಿ.