ವಾದ್ಯಗಾರರ ಚರಿತಕಾರ

ಅಮೆರಿಕೆಯ ಜಾಜ್ ಸಂಗೀತವು ನಮ್ಮ ಕಿವಿಗೆ ಮೊದಲು ಬರಿಯ ಗದ್ದಲವಾಗಿಯೇ ತೋರಿತ್ತೆಂಬುದನ್ನು ವಾಚಕರಲ್ಲಿ ಮುಚ್ಚಿಡಲಾರೆವು. ವಿಟ್ನಿ ಬ್ಯಾಲಿಯೆಟ್ಟನ ಲೇಖನಗಳನ್ನೋದಿದ ಮೇಲೆ ಆ ಗದ್ದಲದೊಳಗೆ ಮನುಷ್ಯರು ಕಾಣಿಸಿಕೊಂಡರು. ೧೯೨೬ರಲ್ಲಿ ಹುಟ್ಟಿ ೨೦೦೭ರಲ್ಲಿ ತೀರಿಕೊಂಡ ಈತನು, ೧೯೫೭ರಿಂದ ಮೊದಲ್ಗೊಂಡು ಸುಮಾರು ನಾಲ್ಕು ದಶಕಗಳ ಕಾಲ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಜಾಜ್ ವಿಷಯವಾಗಿ ಬರೆದನು. ವಾದ್ಯಗಾರನ ಮಾತನ್ನು ಅವನದೇ ಧಾಟಿಯಲ್ಲಿ ಹರಿಯಬಿಟ್ಟು ತಾನು ಹಿಂದೆ ಸರಿಯುವುದು ಈತನ ಕ್ರಮ. ವಿಶೇಷಣಗಳನ್ನು ಸುರಿಯುವ ನಮ್ಮಂಥ ಪಂಡಿತವರ್ಗಕ್ಕೆ ಇದು ಸುಲಭವಲ್ಲ! ನಾದವನ್ನು ವರ್ಣಿಸುವಾಗ ಮಾತ್ರ ಈತನಲ್ಲಿ ಉಪಮಾನಗಳಿಗೆ ಬರವಿಲ್ಲ.

೧೯೫೭ರ ಡಿಸೆಂಬರಿನಲ್ಲಿ ನ್ಯಾಟ್ ಹೆಂಟಾಫನೊಡನೆ ಕೂಡಿ, ಟೆಲಿವಿಷನ್ನಿಗಾಗಿ ಒಂದು ಜಾಜ್ ಕಚೇರಿಯನ್ನು ಏರ್ಪಡಿಸಲು ನೆರವಾದನು. ಗಾಯಕಿ ಬಿಲ್ಲಿ ಹಾಲಿಡೇಯೂ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗನೂ ಅಲ್ಲಿ ಜೊತೆಗೂಡಿದರು. ೧೯೫೯ರಲ್ಲಿ ಇಬ್ಬರೂ ನಾಲ್ಕು ತಿಂಗಳ ಅಂತರದಲ್ಲಿ ಕಾಲವಶರಾದರು. ಜಾಜ್‌ನಲ್ಲಿ ಬಹುಭಾಗವು ನಮ್ಮ ಮನೋಧರ್ಮ ಸಂಗೀತದಂತೆ ಆ ಕ್ಷಣದಲ್ಲಿಯೇ ಹುಟ್ಟತಕ್ಕದ್ದು. ನುಡಿಸಿದವನು ಹೋದನೆಂದರೆ ಅದು ಹುಟ್ಟಿದ ಬಗೆಯನ್ನು ಹೇಳುವವರಿಲ್ಲ.

೧೯೮೬ರಲ್ಲಿ ಹೊರಟ ಈತನ ಸಂಪುಟವೊಂದರಲ್ಲಿ ೫೬ ವ್ಯಕ್ತಿಚಿತ್ರಗಳಿವೆ. ಅದನ್ನೋದುವಾಗ ನಮ್ಮೂರಿನ ಪಿಟೀಲು ವಿದ್ವಾಂಸರೊಬ್ಬರು ನೆನಪಾದರು. ಅವರ ಜಗಲಿಯಲ್ಲಿ ಎಷ್ಟೋ ಸಂಜೆ ಕುಳಿತು ಅವರ ಮಾತು ಕೇಳಿದ್ದೆವು. ಒಂದು ಸಾಲನ್ನೂ ಗುರುತು ಹಾಕಿಕೊಳ್ಳಲಿಲ್ಲ.