ಲೆಕ್ಕದ ಮಾತು 6: ಆಪರೇಟರ್ ಸಂಬಳ ಹಿಡಿಯೋ ಮುಂಚೆ ಹೀಟರ್ ನೋಡಿ

ವ್ಯಾಕ್ಯೂಮ್ ಕೋಟಿಂಗ್ ಮಷೀನಲ್ಲಿ ಪ್ರತಿ ಬ್ಯಾಚಲ್ಲೂ ಕೆಳಗಿನ ಸಾಲಿನ ಪೀಸ್‌ಗಳೇ ರಿಜೆಕ್ಟ್ ಆಗ್ತಿದ್ರೆ ಅದನ್ನ ‘ನಾರ್ಮಲ್ ಲಾಸ್’ ಅಂತ ಬರೆದು ಕೈ ತೊಳ್ಕೋಬೇಡಿ. ಕಾಸ್ಟಿಂಗ್ ಓದಿದೋರಿಗೆ ಗೊತ್ತು, ತಪ್ಪಿಸಬಹುದಾಗಿದ್ದ ನಷ್ಟ ಅಬ್‌ನಾರ್ಮಲ್ ಲಾಸ್. ಅದನ್ನ ಆಪರೇಟರ್ ಸಂಬಳದಲ್ಲಿ ಹಿಡಿಯೋದಂತೂ ಅನ್ಯಾಯ. ಅವರ ಕೈತಪ್ಪಾಗಿದ್ರೆ ದಿನಾ ಒಂದೇ ಸಾಲು ಯಾಕೆ ಹಾಳಾಗುತ್ತೆ?

ವ್ಯಾಕ್ಯೂಮಲ್ಲಿ ಬಿಸಿ ಹರಡೋಕೆ ಗಾಳಿನೇ ಇರಲ್ಲ. ಪೀಸಿಗೆ ಬಿಸಿ ತಲುಪೋದು ಹೆಚ್ಚಾಗಿ ವಿಕಿರಣದಿಂದ, ಥೇಟ್ ಬಿಸಿಲು-ನೆರಳಿನ ಲೆಕ್ಕ. ಡಿಸ್‌ಪ್ಲೇಲಿ 200 ಡಿಗ್ರಿ ಅಂತಿದ್ರೆ ಅದು ಥರ್ಮೋಕಪಲ್ ಕೂತಿರೋ ಜಾಗದ್ದು, ಪೀಸಿಂದಲ್ಲ. ಜಿಗ್ ತಿರುಗೋದ್ರಿಂದ ಸುತ್ತಲಿನ ವ್ಯತ್ಯಾಸ ಸರಿಹೋಗುತ್ತೆ, ಮೇಲೆ-ಕೆಳಗಿಂದು ಹೋಗಲ್ಲ.

ಹಾಗಾಗಿ ಹೊಸ ಹೀಟರ್‌ಗೆ ಆರ್ಡರ್ ಕೊಡೋ ಮುಂಚೆ ಅಳೀರಿ. ಮೇನ್ ಆಫ್ ಮಾಡಿ, ತಣ್ಣಗಾದ್ಮೇಲೆ ಪ್ರತಿ ಹೀಟರ್‌ನ ರೆಸಿಸ್ಟೆನ್ಸ್ ಒಂದಕ್ಕೊಂದು ಹೋಲಿಸಿ. ಟರ್ಮಿನಲ್ ಲೂಸಾಗಿದೆಯಾ, ಸುಟ್ಟಿದೆಯಾ ನೋಡಿ. ಹೀಟರ್ ಹಿಂದಿನ ರಿಫ್ಲೆಕ್ಟರ್ ಮೇಲೆ ಹಳೇ ಕೋಟಿಂಗ್ ಕೂತು ಮಂಕಾಗಿದ್ರೂ ಆ ಕಡೆ ಬಿಸಿ ಕಮ್ಮಿಯಾಗುತ್ತೆ (ಇದನ್ನ ಯಾರೂ ನೋಡೋದೇ ಇಲ್ಲ!). ಆಮೇಲೆ ಮೇಲೆ, ಮಧ್ಯೆ, ಕೆಳಗೆ ಒಂದೊಂದು ಥರ್ಮೋಕಪಲ್ ಕಟ್ಟಿ ಒಂದು ಟ್ರಯಲ್ ರನ್ ಮಾಡಿ.

ಇದಕ್ಕೆ ಒಂದು ದಿನ ಪ್ರೊಡಕ್ಷನ್ ನಿಲ್ಲುತ್ತೆ, ನಿಜ. ಆ ಖರ್ಚನ್ನ ಒಂದು ತಿಂಗಳ ರಿಜೆಕ್ಷನ್ ಪಕ್ಕದಲ್ಲಿ ಬರೆದು ನೋಡಿ.

ಪೀಣ್ಯ ಕಡೆಯೋರು ಓದ್ತಿದ್ರೆ ಹೇಳಿ, ನಿಮ್ಮಲ್ಲಿ ಹಾಳಾಗೋದು ಯಾವ ಸಾಲು?