ಆರು ಗಂಟೆಗೆ ಎದ್ದು ಹೋಗುವ ಹುಡುಗ

ಮಾರ್ಚ್ ಬಂತೆಂದರೆ ಹಿಂಜೇವಾಡಿಯ ಆಫೀಸುಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಅಪ್ರೈಸಲ್. ವರ್ಷವಿಡೀ ಮಾಡಿದ ಕೆಲಸಕ್ಕೆ ಒಂದರಿಂದ ಐದರೊಳಗೆ ಒಂದು ಅಂಕಿ. ಕೊಡುವವರಿಗೂ ತಲೆನೋವು, ತೆಗೆದುಕೊಳ್ಳುವವರಿಗೂ ತಲೆನೋವು. ನಾನು ಆರು ವರ್ಷದಿಂದ ಕೊಡುವವರ ಸಾಲಿನಲ್ಲಿದ್ದೇನೆ.

ಹೋದ ವರ್ಷ ನಮ್ಮ ತಂಡದ ಒಬ್ಬ ಹುಡುಗನ ಹೆಸರಿನ ಮುಂದೆ ನಾನು ಹೀಗೆ ಬರೆದಿದ್ದೆ: "ಕೆಲಸ ಚೆನ್ನಾಗಿದೆ, ಬದ್ಧತೆ ಸಾಲದು." ಕಾರಣ ಇಷ್ಟೇ. ಅವನು ಸಂಜೆ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಎದ್ದುಬಿಡುತ್ತಾನೆ. ರಾತ್ರಿ ಮೆಸೇಜ್ ಹಾಕಿದರೆ ಉತ್ತರ ಬರುವುದು ಬೆಳಿಗ್ಗೆಯೇ. ನಾಲ್ಕು ಬರಬೇಕಿದ್ದವನಿಗೆ ಮೂರು ಬಂತು, ಇನ್‌ಕ್ರಿಮೆಂಟೂ ಅದಕ್ಕೆ ತಕ್ಕಂತೆ ಇಳಿಯಿತು. ಅವನು ಜಗಳವಾಡಲಿಲ್ಲ. "ಯಾವ ಕೆಲಸ ಬಾಕಿ ಉಳಿಸಿದ್ದೇನೆ ಅಂತ ಹೇಳಿ ಸರ್, ಈ ವರ್ಷ ಸರಿಮಾಡಿಕೊಳ್ಳುತ್ತೇನೆ" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

"ಈಗಿನ ಹುಡುಗರಿಗೆ ಕೆಲಸದ ಮೇಲೆ ನಿಷ್ಠೆಯೇ ಇಲ್ಲ" ಎಂಬುದು ನಮ್ಮ ವಯಸ್ಸಿನ ಮ್ಯಾನೇಜರುಗಳ ಊಟದ ಹೊತ್ತಿನ ಮಾತು. ದೊಡ್ಡವರೂ ಅದನ್ನೇ ಬೇರೆ ರೀತಿಯಲ್ಲಿ ಹೇಳುತ್ತಿದ್ದಾರೆ. 1981ರಲ್ಲಿ ಇದೇ ಪುಣೆಯಲ್ಲಿ ಗೆಳೆಯರ ಜೊತೆ ಇನ್ಫೋಸಿಸ್ ಶುರುಮಾಡಿದ ನಾರಾಯಣ ಮೂರ್ತಿಯವರು, ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದದ್ದು 2023ರ ಅಕ್ಟೋಬರಿನಲ್ಲಿ. 2025ರ ಜನವರಿಯಲ್ಲಿ ಎಲ್ ಆಂಡ್ ಟಿ ಅಧ್ಯಕ್ಷ ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಂತು. ಮೂರ್ತಿಯವರು ತಮ್ಮ ಮಾತಿನಂತೆಯೇ ದುಡಿದವರು, ಅದನ್ನು ಅಲ್ಲಗಳೆಯಲಾಗದು. ಆದರೆ ಅವರು ಕಟ್ಟುತ್ತಿದ್ದುದು ತಮ್ಮದೇ ಕಂಪನಿಯನ್ನು. ತಿಂಗಳ ಸಂಬಳದ ಹುಡುಗನಿಗೂ ಅದೇ ಅಳತೆಗೋಲು ಹಿಡಿಯುವುದು ಹೇಗೆ? 2024ರಲ್ಲಿ ಸುದ್ದಿಯಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಲೆಕ್ಕದಲ್ಲಿ ಭಾರತದಲ್ಲಿ ಒಬ್ಬರು ವಾರಕ್ಕೆ ಸರಾಸರಿ 46 ಗಂಟೆಗೂ ಹೆಚ್ಚು ದುಡಿಯುತ್ತಿದ್ದರು. ಸೋಮಾರಿಗಳ ದೇಶದ ಲೆಕ್ಕವಲ್ಲ ಇದು.

2024ರ ಜುಲೈನಲ್ಲಿ ಇದೇ ಊರಿನಲ್ಲಿ, ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ 26 ವರ್ಷದ ಲೆಕ್ಕಪರಿಶೋಧಕಿಯೊಬ್ಬಳು ತೀರಿಕೊಂಡಳು. ಕೆಲಸದ ಹೊರೆಯೇ ಕಾರಣ ಎಂದು ತಾಯಿ ಪತ್ರ ಬರೆದರು, ಸಂಸ್ಥೆ ಒಪ್ಪಲಿಲ್ಲ. ಆ ಪತ್ರ ಸುದ್ದಿಯಾದ ವಾರ ನಮ್ಮ ಕ್ಯಾಂಟೀನಿನಲ್ಲಿ ಹುಡುಗರು ಅದನ್ನೇ ಮಾತಾಡುತ್ತಿದ್ದರು. ನಾನು ತಟ್ಟೆ ಹಿಡಿದು ಹೋಗಿ ಕೂತೊಡನೆ ಮಾತು ನಿಂತಿತು. ಅವರ ಕಣ್ಣಿಗೆ ನಾನು ಯಾರ ಪಕ್ಷದವನು ಎಂದು ಅವತ್ತು ಗೊತ್ತಾಯಿತು.

ನಮ್ಮ ಸೊಸೈಟಿಯಲ್ಲಿ ಇಂಡಿ ಕಡೆಯ ಕಾಕಾ ಒಬ್ಬರಿದ್ದಾರೆ. ಪಿಂಪ್ರಿಯ ಕಾರ್ಖಾನೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಟರ್ನರ್ ಆಗಿದ್ದವರು. ಒಂದು ಸಂಜೆ ಬೆಂಚಿನ ಮೇಲೆ ಕೂತು, "ಕಾಕಾ, ನಿಮ್ಮ ಕಾಲದಾಗಿನ ನಿಷ್ಠಾ ಈಗ ಇಲ್ಲ ನೋಡ್ರಿ" ಎಂದೆ. ಅವರು ನಕ್ಕರು. "ಏನ್ ನಿಷ್ಠಾ ತಮ್ಮಾ? ಭೋಂಗಾ ಆತಂದ್ರ ಕೈ ತೊಳಕೊಂಡು ಗೇಟಿಗೆ ಬರ್ತಿದ್ವಿ. ಹೆಚ್ಚಿಗಿ ನಿಂತ್ರ ಓವರ್‌ಟೈಮ್ ಡಬಲ್. ಯಾರೂ ನಮಗ ಮೈಗಳ್ಳರು ಅಂದಿಲ್ಲ. ಆದ್ರ ಮಷಿನ್ ಒರಸದ, ಮುಂದಿನ ಶಿಫ್ಟಿನಾಂವಗ ಹೇಳದ ಹ್ವಾದಾಂವನ್ನ ಮಾತ್ರ ಯಾರೂ ಮನಷ್ಯಾ ಅಂತ ತಿಳೀತಿದ್ದಿಲ್ಲ."

1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು, ಮೀರಿದರೆ ದುಪ್ಪಟ್ಟು ಕೂಲಿ ಎಂದಿತ್ತು. ನಾವು ಹೊಗಳುವ ಹಳೆಯ ತಲೆಮಾರು ಆ ಭೋಂಗಾದ ಲೆಕ್ಕದಲ್ಲೇ ದುಡಿದದ್ದು. ನಮ್ಮ ಕೆಲಸಕ್ಕೆ ಭೋಂಗಾ ಇಲ್ಲ, ಇರುವುದು ಫೋನು.

ಕಾಕಾರ ಮಾತು ಯಾಕೆ ನಾಟಿತು ಎಂದರೆ, ಕಳೆದ ನವೆಂಬರಿನಲ್ಲಿ ನನ್ನಿಂದಲೇ ಒಂದು ಎಡವಟ್ಟಾಗಿತ್ತು. ರಾತ್ರಿ ಹನ್ನೊಂದೂವರೆಗೆ ಒಂದು ಕೋಡ್ ಬದಲಾವಣೆ ನನ್ನ ಒಪ್ಪಿಗೆಗೆ ಬಂತು. ಬೆಳಿಗ್ಗೆ ಒಂಬತ್ತರಿಂದ ಕೂತಿದ್ದೆ. ಓದದೆ ಅಪ್ರೂವ್ ಒತ್ತಿದೆ. ಮರುದಿನ ಗ್ರಾಹಕರ ಬಿಲ್ಲುಗಳಲ್ಲಿ ತೆರಿಗೆ ಎರಡೆರಡು ಸಲ ಸೇರಿಕೊಂಡಿತ್ತು. ಮಧ್ಯಾಹ್ನದೊಳಗೆ ಅದನ್ನು ಸರಿಮಾಡಲು ಸಾಧ್ಯವಾದದ್ದು ಆರು ಗಂಟೆಯ ಹುಡುಗನ ಟಿಪ್ಪಣಿಯಿಂದ. ಯಾವ ಭಾಗ ಏನು ಮಾಡುತ್ತದೆ, ಕೆಟ್ಟರೆ ಹಳೆಯದಕ್ಕೆ ಮರಳುವುದು ಹೇಗೆ, ಎಲ್ಲ ಅದರಲ್ಲಿತ್ತು. ಅದನ್ನು ಅವನು ದಿನವೂ ಹೊರಡುವ ಮುಂಚೆ ಬರೆದಿಡುತ್ತಿದ್ದ. ಹದಿನಾಲ್ಕು ಗಂಟೆ ಕೂತವನು ನಾನು, ಮಷಿನ್ ಒರೆಸಿಟ್ಟು ಹೋದವನು ಅವನು.

ಕಾಯಕದ ಮಾತು ಬಂದರೆ ನಾವು ಕನ್ನಡಿಗರು ಹೆಮ್ಮೆಯಿಂದ ಬಸವಣ್ಣನವರ ಕಾಲಕ್ಕೆ ಹೋಗುತ್ತೇವೆ. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಸಾಗಿದರೆ ಸಿಗುವ ಬಸವಕಲ್ಯಾಣವೇ ಆ ಕಲ್ಯಾಣ. ಅಲ್ಲಿ ಬಿದ್ದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಮಾತುಕತೆಯಲ್ಲಿ ಮೈಮರೆತು ಕೂತಾಗ, ಕಾಯಕಕ್ಕೆ ಹೊತ್ತಾಯಿತು ಎಂದು ಎಬ್ಬಿಸಿದವಳು ಹೆಂಡತಿ ಲಕ್ಕಮ್ಮ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸಿದವಳೂ ಅವಳೇ. ನಾವು ಮೊದಲ ಕತೆಯನ್ನು ಗಟ್ಟಿಯಾಗಿ ಹೇಳುತ್ತೇವೆ, ಎರಡನೆಯದನ್ನು ಮರೆಯುತ್ತೇವೆ. ಅಪ್ರೈಸಲ್ ಫಾರ್ಮಿನಲ್ಲಂತೂ ಲಕ್ಕಮ್ಮನಿಗೆ ಜಾಗವೇ ಇಲ್ಲ.

ಹಾಗೆಂದು ಎಲ್ಲವೂ ಸರಿಯಿದೆ ಎನ್ನಲಾರೆ. ಮನೆಯಿಂದ ಕೆಲಸ ಮಾಡುವಾಗ ಹಸಿರು ಚುಕ್ಕೆ ಆರದಿರಲಿ ಎಂದು ಮೌಸ್ ಅಲ್ಲಾಡಿಸುವ ಸಾಧನ ಕೊಂಡವರಿದ್ದಾರೆ. ಎಐ ಬರೆದುಕೊಟ್ಟದ್ದನ್ನು ಓದದೆ ಅಂಟಿಸುವವರಿದ್ದಾರೆ. ಓದದೆ ಅಪ್ರೂವ್ ಒತ್ತುವ ನನ್ನಂಥವರೂ ಇದ್ದೇವೆ. ಇದರಲ್ಲಿ ವಯಸ್ಸಿನ ಭೇದವಿಲ್ಲ. ಕುಸಿದಿರುವುದು ಇದು: ಮಾಡಿದ ಕೆಲಸಕ್ಕೆ ನಾನೇ ಹೊಣೆ ಎಂಬ ಭಾವ. ಎಷ್ಟು ಹೊತ್ತು ಕೂತರು ಎಂದಷ್ಟೇ ಎಣಿಸಿದರೆ ಜನ ಕೂರುವುದನ್ನೇ ಕಲಿಯುತ್ತಾರೆ. ಆ ಎಣಿಕೆ ಹಚ್ಚಿದವರು ನಾವೇ.

ನೀವೂ ಈ ತಿಂಗಳು ಫಾರ್ಮ್ ತುಂಬುವವರಾಗಿದ್ದರೆ, ಬದ್ಧತೆಯ ಕಾಲಂಗೆ ಬಂದಾಗ ಒಂದು ಗಳಿಗೆ ನಿಲ್ಲಿ. ಆ ಮನುಷ್ಯ ರಜೆ ಹಾಕಿದ ದಿನ ಅವನ ಕೆಲಸ ಮುಂದುವರಿಸಲು ಇನ್ನೊಬ್ಬರಿಗೆ ಕಷ್ಟವಾಯಿತೇ, ಇಲ್ಲವೇ? ಅಷ್ಟು ಕೇಳಿಕೊಂಡರೆ ಸಾಕು.

ಈ ಸಲ ನಾನು ಐದು ಕೊಟ್ಟೆ. ಹೋದ ವರ್ಷ ಅವನು ಕಳೆದುಕೊಂಡ ಹಣವನ್ನು ವಾಪಸ್ ಕೊಡಿಸಲು ನನ್ನಿಂದಾಗದು. ಕರೆದು, ಅವತ್ತು ತಪ್ಪಿದ್ದು ನಾನೇ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಗಡಿಯಾರ ನೋಡಿದ. ಐದೂವರೆ.

"ಥ್ಯಾಂಕ್ಸ್ ಸರ್. ಟಿಪ್ಪಣಿ ಬರೆಯುವುದಿದೆ" ಎಂದು ಎದ್ದ.